ಎರಡೇ ಚೀಟಿ ನೋಡು

ಸಾರ್ಟಿಂಗ್ ಮಾಡಲು ಬಾರದ ಮಕ್ಕಳಿಲ್ಲ. ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಲ್ಲುವುದೂ ಸಾರ್ಟಿಂಗೇ. ಕಷ್ಟ ಇರುವುದು ಮಾಡಿದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದರಲ್ಲಿ. ದಢೇಸುಗೂರಿನಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಕಂಪ್ಯೂಟರ್ ಪಾಠ ಹೇಳುತ್ತ ಹೇಳುತ್ತ ಇದು ನನಗೆ ಮನದಟ್ಟಾಯಿತು.

ಪಾಠಕ್ಕೆ ನಮ್ಮ ಸುತ್ತಲಿನ ಊರುಗಳೇ ಸಾಕು. ಮಸ್ಕಿ, ಸಿಂಧನೂರು, ದಢೇಸುಗೂರು, ಲಿಂಗಸುಗೂರು, ಗೊರೇಬಾಳ ಎಂದು ಐದು ಚೀಟಿ ಬರೆದು, ಇದೇ ಸಾಲಿನಲ್ಲಿ ಬೋರಲು ಇಡುತ್ತೇನೆ. ಅಕಾರಾದಿಯಾಗಿ ಜೋಡಿಸಬೇಕು, ಹೇಗೆಂದು ಬಾಯಿಬಿಟ್ಟು ಹೇಳಬೇಕು.

"ಮೊದಲು ಬರೋದನ್ನ ಹುಡುಕಿ ಮುಂದ ಇಡೋದ್ರಿ ಸರ್."

"ಹೆಂಗ ಹುಡುಕ್ತಿ?"

"ನೋಡಿದ್ರ ಗೊತ್ತಾಕ್ಕೈತ್ರಿ."

"ಕಂಪ್ಯೂಟರಿಗೆ ಹಂಗ ಎಲ್ಲಾ ಒಮ್ಮೆಗೇ ಕಾಣಂಗಿಲ್ಲ. ಒಂದ್ ಸಲಕ್ಕ ಎರಡೇ ಚೀಟಿ ನೋಡು."

ಈ ಒಂದು ಕಟ್ಟಳೆ ಹಾಕಿದರೆ ಸಾಕು, ಮಾತು ತಾನಾಗಿ ಬಿಗಿಯಾಗುತ್ತದೆ. ಪಿಯುಸಿ ಪುಸ್ತಕದ ಇನ್ಸರ್ಷನ್ ಸಾರ್ಟ್ ಹೀಗೆ ನಡೆಯುತ್ತದೆ: ಮಸ್ಕಿ ಒಂದೇ ಇದ್ದಾಗ ಅದು ಜೋಡಿಸಿದ ಸಾಲೇ. ಸಿಂಧನೂರು ಅದರ ಬಲಕ್ಕೆ ಕೂರುತ್ತದೆ. ದಢೇಸುಗೂರನ್ನು ಕೊನೆಯಿಂದ ಹೋಲಿಸುತ್ತ ಬಂದರೆ ಸಿಂಧನೂರು, ಮಸ್ಕಿ ಎರಡೂ ಬಲಕ್ಕೆ ಸರಿದು ಅದಕ್ಕೆ ಮೊದಲ ಜಾಗ ಸಿಗುತ್ತದೆ. ಲಿಂಗಸುಗೂರು ಬಂದಾಗ ಸಿಂಧನೂರು ಮಾತ್ರ ಸರಿಯುತ್ತದೆ. ಮಸ್ಕಿಯ ಹತ್ತಿರ ಕೈ ನಿಲ್ಲುತ್ತದೆ. ದಢೇಸುಗೂರನ್ನು ಮುಟ್ಟುವ ಅಗತ್ಯವೇ ಇಲ್ಲ. ಯಾಕೆ ಇಲ್ಲ? ಪಾಠದ ತಿರುಳೆಲ್ಲ ಈ ಪ್ರಶ್ನೆಯಲ್ಲಿದೆ. ಎಡಗಡೆಯ ಸಾಲು ಯಾವಾಗಲೂ ಜೋಡಿಸಿಯೇ ಇರುತ್ತದೆ, ಅದಕ್ಕೆ. ಪ್ರತಿ ಸುತ್ತು ಮುಗಿದಾಗಲೂ ನಿಜವಾಗಿ ಉಳಿಯುವ ಇಂಥ ಒಂದು ಮಾತನ್ನು ವಿವರಣೆಯಲ್ಲಿ ಬರೆಯಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಅದಿಲ್ಲದಿದ್ದರೆ ಓದುವವನಿಗೆ ಬರೀ ಕೈಚಲನೆ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ.

ಗೊರೇಬಾಳ ನಾಲ್ಕೂ ಚೀಟಿ ದಾಟಿ ಮುಂದೆ ಹೋಗುತ್ತದೆ. ಒಟ್ಟು 9 ಹೋಲಿಕೆ. ಐದು ಚೀಟಿಗೆ ಹೆಚ್ಚೆಂದರೆ 10. ಇದೇ ವಿಧಾನದಲ್ಲಿ 1,000 ಚೀಟಿ ಜೋಡಿಸಲು ಹೋದರೆ ಹೋಲಿಕೆಗಳು 4,99,500ರವರೆಗೂ ಏರಬಹುದು. 1945ರಲ್ಲಿ ಜಾನ್ ವಾನ್ ನಾಯ್ಮನ್ ರೂಪಿಸಿದ ಮರ್ಜ್ ಸಾರ್ಟ್‌ನಲ್ಲಿ ಆ ಕೆಲಸ 9,000 ಹೋಲಿಕೆಯ ಒಳಗೇ ಮುಗಿಯುತ್ತದೆ. ಉತ್ತರಪತ್ರಿಕೆಯ ಕಟ್ಟು ಕೈಗೆ ಬಂದ ಮೇಸ್ಟ್ರು ಯಾರೇ ಆಗಲಿ, ಅದರ ಮುಖ್ಯ ಹೆಜ್ಜೆಯನ್ನು ಮಾಡಿರುತ್ತಾರೆ: ಎ ವಿಭಾಗದ್ದು ರೋಲ್ ನಂಬರ್ ಪ್ರಕಾರ ಒಂದು ಕಟ್ಟು, ಬಿ ವಿಭಾಗದ್ದು ಇನ್ನೊಂದು. ಎರಡರ ಮೇಲಿನ ಪತ್ರಿಕೆಗಳನ್ನು ಮಾತ್ರ ನೋಡಿ, ಚಿಕ್ಕ ನಂಬರಿನದನ್ನು ತೆಗೆದು ಹೊಸ ಕಟ್ಟಿಗೆ ಹಾಕುವುದು. ಹೋರ್ ಅವರ ಕ್ವಿಕ್ ಸಾರ್ಟ್ 1961ರಲ್ಲಿ ಪ್ರಕಟವಾಯಿತು. ಅದನ್ನು ಮಾತ್ರ ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲೆರಡು ಬಾಯಲ್ಲಿ ಸಲೀಸಾಗಿ ಬಾರದೆ ಅದು ತಲೆಗೆ ಹತ್ತುವುದಿಲ್ಲ.

ಸಮ ಬಂದರೆ ಏನು ಮಾಡಬೇಕು ಎನ್ನುವುದನ್ನೂ ಬರೆಸುತ್ತೇನೆ. ರೋಲ್ ನಂಬರ್ ಪ್ರಕಾರ ಇದ್ದ ಪಟ್ಟಿಯನ್ನು ಅಂಕಗಳ ಪ್ರಕಾರ ಜೋಡಿಸುವಾಗ, ಸಮ ಅಂಕ ಪಡೆದವರು ಹಿಂದಿನ ಕ್ರಮದಲ್ಲೇ ಉಳಿದರೆ ಅದು ಸ್ಟೇಬಲ್ ಸಾರ್ಟ್. ಇನ್ಸರ್ಷನ್ ಸಾರ್ಟ್‌ನಲ್ಲಿ 'ದೊಡ್ಡದಿದ್ದರೆ ಸರಿಸು' ಎನ್ನುವ ಬದಲು 'ದೊಡ್ಡದಿದ್ದರೆ ಅಥವಾ ಸಮವಿದ್ದರೆ ಸರಿಸು' ಎಂದು ಬರೆದರೆ ಆ ಗುಣ ಹೋಯಿತು.

ಕನ್ನಡದ ಮಕ್ಕಳಿಗೆ ಇದರ ಜೊತೆ ಇನ್ನೊಂದು ವಿಷಯ ಬೇಕೇ ಬೇಕು. ಕಂಪ್ಯೂಟರಿನಲ್ಲಿ ಬರೀ ಯೂನಿಕೋಡ್ ಸಂಖ್ಯೆ ನೋಡಿ ಜೋಡಿಸಿದಾಗ 'ಹಳ್ಳಿ' ಮೊದಲು, 'ಹಸು' ಆಮೇಲೆ ಬರುತ್ತದೆ. ಅಲ್ಲಿ ಳ ಕುಳಿತಿರುವುದು ಲ ಪಕ್ಕದಲ್ಲಿ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಕಟ್ಟಕಡೆಗೆ. ಅಲ್ಗಾರಿದಮ್‌ನಲ್ಲಿ ತಪ್ಪಿಲ್ಲ, ಯಾವುದು ಮೊದಲು, ಯಾವುದು ನಂತರ ಎಂದು ನಾವು ಹೇಳಿಕೊಟ್ಟಿಲ್ಲ ಅಷ್ಟೇ. ಅದಕ್ಕೇ ನಮ್ಮ ಮಕ್ಕಳು ವಿವರಣೆ ಬರೆಯುವಾಗ ಹೆಜ್ಜೆಗಳಿಗಿಂತ ಮುಂಚೆ ಹೋಲಿಕೆಯ ನಿಯಮ ಬರೆಯುತ್ತಾರೆ, ಳ ಎಲ್ಲಿ ಬರಬೇಕು ಎನ್ನುವುದನ್ನೂ ಸೇರಿಸಿ.