ಕಣ್ಣಿಗೆ ಒಂದೇ ಹನಿ ಸಾಕು ಕಣಮ್ಮ

ನಿನಗೂ ಮಗನಿಗೂ ಮತ್ತೆ ಕಣ್ಣು ಕಡಿತ ಶುರುವಾಗಿದೆ, ಇಬ್ಬರಿಗೂ ಒಂದೇ ಬಾಟಲಿಯ ಡ್ರಾಪ್ಸ್ ನಡೆಯುತ್ತಿದೆ ಅಂತ ನಿಮ್ಮಮ್ಮ ಹೇಳಿದರು. ಬದುಕೆಲ್ಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ಕಳೆದ ನಿನ್ನ ಚಿಕ್ಕಪ್ಪನಿಗೆ ಇದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ.

ಮೊದಲು ಆ ಬಾಟಲಿ ಕೈಗೆ ತಗೋ. ದೊಡ್ಡ ಅಕ್ಷರದ ಹೆಸರು ಬಿಟ್ಟು, ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ಬರೆದಿರುವುದನ್ನು ಓದು. ಓಲೋಪಟಡಿನ್, ಕೀಟೋಟಿಫೆನ್, ಬೆಪೋಟಾಸ್ಟಿನ್ ಅಂತಿದ್ದರೆ ಅದು ಅಲರ್ಜಿಯ ನವೆಗೆ ಹಾಕುವ ಆ್ಯಂಟಿಹಿಸ್ಟಮಿನ್ ಹನಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನೋಲ್ ಅಂತಿದ್ದರೆ ಅದು ಸ್ಟೀರಾಯ್ಡ್. ಎಷ್ಟೋ ಸಲ ಆ್ಯಂಟಿಬಯಾಟಿಕ್ ಜೊತೆ ಸೇರಿಕೊಂಡು ಒಂದೇ ಬಾಟಲಿಯಲ್ಲಿ ಇರುತ್ತದೆ. ನೋಡಲು ಎರಡೂ ಒಂದೇ ತರಹದ ಪುಟ್ಟ ಬಿಳಿ ಬಾಟಲಿ.

ತೊಂದರೆ ಏನೆಂದರೆ, ಸ್ಟೀರಾಯ್ಡ್ ಹನಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಂಪು, ನವೆ, ಊತ ಎಲ್ಲ ಇಳಿಯುತ್ತದೆ. ಅದಕ್ಕೇ ಜನ ಹಳೆಯ ಚೀಟಿ ಹಿಡಿದು, ಚೀಟಿಯೂ ಇಲ್ಲದೆ ಖಾಲಿ ಬಾಟಲಿ ತೋರಿಸಿ, ‘ಇದನ್ನೇ ಕೊಡಿ, ಹೋದ ಸಲ ಒಳ್ಳೆ ಕೆಲಸ ಮಾಡಿತು’ ಅಂತ ಕೇಳುತ್ತಾರೆ. ಆದರೆ ಡಾಕ್ಟರ ಕಣ್ಗಾವಲಿಲ್ಲದೆ ವಾರಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿಲ್ಲ, ಸೂಚನೆ ಇಲ್ಲ. ಗ್ಲುಕೋಮಾ ಬಂದು ಪಕ್ಕದ ನೋಟ ಹೋದಮೇಲೆ ತಿಳಿಯುತ್ತದೆ. ಹೋದ ನೋಟ ಮತ್ತೆ ಬರುವುದಿಲ್ಲ. ತುಂಬ ಕಾಲ ಹಾಕಿದರೆ ಮಕ್ಕಳಿಗೂ ಪೊರೆ ಬರಬಹುದು. ಸ್ಟೀರಾಯ್ಡ್ ವಿಷ ಅಂತ ನಾನು ಹೇಳುತ್ತಿಲ್ಲ. ಡಾಕ್ಟರು ಕಣ್ಣಿನ ಒತ್ತಡ ನೋಡುತ್ತ, ಇಷ್ಟು ದಿನ ಅಂತ ಬರೆದುಕೊಟ್ಟರೆ ಹಾಕಲೇಬೇಕು. ನಾವೇ ಡಾಕ್ಟರಾಗುವುದು ಬೇಡ, ಅಷ್ಟೇ.

ಆ್ಯಂಟಿಹಿಸ್ಟಮಿನ್ ಹನಿಗೆ ಈ ಭಯವಿಲ್ಲ. ಧೂಳೋ ಪರಾಗವೋ ಕಣ್ಣಿಗೆ ಬಿದ್ದಾಗ ಅಲ್ಲಿನ ಕೆಲವು ಕೋಶಗಳು ಹಿಸ್ಟಮಿನ್ ಬಿಡುತ್ತವೆ, ಆ ಹಿಸ್ಟಮಿನ್ನೇ ನವೆಗೆ ಕಾರಣ. ಓಲೋಪಟಡಿನ್, ಕೀಟೋಟಿಫೆನ್ ಎರಡೂ ಹಿಸ್ಟಮಿನ್ನಿನ ಆಟವನ್ನು ತಡೆಯುವುದಲ್ಲದೆ ಆ ಕೋಶಗಳನ್ನೂ ಶಾಂತಗೊಳಿಸುತ್ತವೆ. ನವೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಪೂರ್ತಿ ಗುಣ ಕಾಣಬೇಕಾದರೆ ಅಲರ್ಜಿಯ ಕಾಲ ಮುಗಿಯುವವರೆಗೆ ತಪ್ಪದೆ ಹಾಕಬೇಕು. ನೀನು ಕಣ್ಣು ಉಜ್ಜಿದಾಗ ಅದೇ ಕೋಶಗಳು ಒಡೆದು ಇನ್ನಷ್ಟು ಹಿಸ್ಟಮಿನ್ ಹೊರಬರುತ್ತದೆ. ಉಜ್ಜಿದಷ್ಟೂ ನವೆ ಜಾಸ್ತಿ ಆಗುವುದು ಅದಕ್ಕೇ.

ಎಷ್ಟು ಸಲ ಅನ್ನುವುದು ಬಾಟಲಿಯ ಶಕ್ತಿಯ ಮೇಲೆ ನಿಂತಿದೆ. ಓಲೋಪಟಡಿನ್ 0.1 ಪ್ರತಿಶತ ಇದ್ದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, 0.2 ಇದ್ದರೆ ಒಂದೇ ಸಲ. ನವೆ ಬಂತು ಅಂತ ಆಗಾಗ ಸುರಿಯುವುದಲ್ಲ. ಒಂದು ಕಣ್ಣಿಗೆ ಒಂದೇ ಹನಿ. ರೆಪ್ಪೆಯ ಒಳಗೆ ಒಂದು ಹನಿ ಹಿಡಿಯುವುದೇ ಕಷ್ಟ, ಎರಡನೆಯದು ಕೆನ್ನೆಯ ಪಾಲು.

ಕೈ ತೊಳೆದುಕೋ. ತಲೆ ಹಿಂದಕ್ಕೆ ಬಾಗಿಸಿ ಕೆಳರೆಪ್ಪೆ ಎಳೆದು, ಆ ತೊಟ್ಟಿಯಂಥ ಜಾಗಕ್ಕೆ ಹನಿ ಬಿಡು. ಕಪ್ಪುಗುಡ್ಡೆಯ ಮೇಲೆ ಬಿಟ್ಟರೆ ಕಣ್ಣು ತಾನೇ ಮುಚ್ಚಿಕೊಂಡು ಹೊರಗೆ ತಳ್ಳುತ್ತದೆ. ಬಾಟಲಿಯ ಮೂತಿ ರೆಪ್ಪೆಗೂ ರೆಪ್ಪೆಗೂದಲಿಗೂ ತಾಗಕೂಡದು. ಆಮೇಲೆ ಪಟಪಟ ರೆಪ್ಪೆ ಬಡಿಯದೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿಕೋ. ಕಣ್ಣೀರು ಮೂಗಿಗೆ ಇಳಿಯುವ ದಾರಿ ಅಲ್ಲಿದೆ. ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಗುವುದು ಔಷಧಿ ಆ ದಾರಿ ಹಿಡಿದು ಇಳಿದದ್ದರಿಂದ. ಬೇರೆ ಹನಿಯೂ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡು. ಹಾಕಿದ ಕೂಡಲೇ ನೋಟ ಕೊಂಚ ಮಂಜಾಗಬಹುದು, ಅದು ತಿಳಿಯಾಗುವವರೆಗೆ ಸ್ಕೂಟರ್ ಕೀ ಮುಟ್ಟಬೇಡ.

ನೀನು ಕಾಂಟ್ಯಾಕ್ಟ್ ಲೆನ್ಸ್ ಹಾಕುವವಳು. ಈ ಹನಿಗಳಲ್ಲಿ ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಮ್ ಕ್ಲೋರೈಡನ್ನು ಮೆತ್ತನೆಯ ಲೆನ್ಸ್ ಹೀರಿಕೊಳ್ಳುತ್ತದೆ. ಲೆನ್ಸ್ ತೆಗೆದು ಹನಿ ಹಾಕಿ, ಹದಿನೈದು ನಿಮಿಷ ಕಳೆದಮೇಲೆ ಹಾಕಿಕೋ. ಕಣ್ಣು ಕೆಂಪಾಗಿರುವ ದಿನ ಲೆನ್ಸೇ ಬೇಡ, ಕನ್ನಡಕ ಹಾಕು. ಮದುವೆ ಮನೆಯಾದರೂ ಸರಿ.

ಬಾಟಲಿ ಒಬ್ಬರಿಗೆ ಒಂದು. ಮದ್ರಾಸ್ ಐ ಮನೆಯೆಲ್ಲ ಹರಡಲು ಹಂಚಿಕೊಂಡ ಹನಿ ಬಾಟಲಿಯೂ ಸಾಕು. ಮುಚ್ಚಳ ತೆರೆದ ದಿನವನ್ನು ಪೆನ್ನಿನಲ್ಲಿ ಬರೆದಿಡು. ಒಂದು ತಿಂಗಳಾದ ಮೇಲೆ ಅರ್ಧ ಉಳಿದಿದ್ದರೂ ಎಸೆ. ಅಟ್ಟದ ಡಬ್ಬಿಯಲ್ಲಿ ಹೋದ ವರ್ಷದ್ದು ಇದೆ ಅಂತ ನಿಮ್ಮಮ್ಮ ಹೇಳಿದರೆ ನಕ್ಕು ಸುಮ್ಮನಾಗು.

ಕೆಂಪು ತೆಗೆಯುವ ಡ್ರಾಪ್ಸ್ ಅಂತ ಒಂದು ಜಾತಿ ಇದೆ, ನ್ಯಾಫಜೊಲಿನ್ ಇರುವಂಥದ್ದು. ಅದು ರಕ್ತನಾಳ ಕುಗ್ಗಿಸಿ ಕಣ್ಣನ್ನು ಬೆಳ್ಳಗೆ ಕಾಣಿಸುತ್ತದೆ. ಕೆಲವು ದಿನ ಬಿಡದೆ ಹಾಕಿ ನಿಲ್ಲಿಸಿದರೆ ಕೆಂಪು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ನನಗೆ ಇದರ ಮೇಲೆ ಯಾವತ್ತೂ ಒಲವಿಲ್ಲ. ಜೇನುತುಪ್ಪ, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಇವೆಲ್ಲ ನಮ್ಮ ಅಜ್ಜಿಯ ಕಾಲದ ಪ್ರೀತಿ ಹೌದು, ಆದರೆ ಕ್ರಿಮಿ ತೆಗೆದ ವಸ್ತುಗಳಲ್ಲ. ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ ಇಡು, ಅದಕ್ಕಿಂತ ಹೆಚ್ಚು ಸುಖ ಸಿಗುತ್ತದೆ. ಹೊರಗಿಂದ ಬಂದಕೂಡಲೇ ಮುಖ ತೊಳೆ, ದಿಂಬಿನ ಕವರು ಆಗಾಗ ಬದಲಿಸು, ಸೈಟಿನ ಪಕ್ಕದ ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆ ಕೀಳಿಸು. ಕೀಳುವವರು ಕೈಗವಸು ಹಾಕಿರಲಿ.

ಮಗನ ವಿಷಯದಲ್ಲಿ ಮಾತ್ರ ತಡ ಮಾಡಬೇಡ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಬಿಸಿಲು ಬಂದಾಗಲೆಲ್ಲ ಮರಳುವ ಒಂದು ಜಾತಿಯ ಗಟ್ಟಿ ಅಲರ್ಜಿ ಇದೆ. ದಾರದಂಥ ಅಂಟು ಪಿಸುರು, ಬೆಳಕು ನೋಡಲಾಗದೆ ಕಣ್ಣು ಕಿವುಚುವುದು ಅದರ ಗುರುತು. ಅಂಥ ಮಕ್ಕಳು ವರ್ಷಗಟ್ಟಲೆ ಕಣ್ಣು ಉಜ್ಜಿ ಉಜ್ಜಿ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಅಪಾಯವಿದೆ. ಆ ಅಲರ್ಜಿಗೆ ಬರೀ ಆ್ಯಂಟಿಹಿಸ್ಟಮಿನ್ ಹನಿ ಸಾಲದೆ ಹೋಗಬಹುದು. ಮಗನಿಗಾಗಲಿ ನಿನಗಾಗಲಿ ನೋವು, ನೋಟ ಮಂಜು, ಕೀವು, ಒಂದೇ ಕಣ್ಣು ಕೆಂಪಾಗುವುದು ಇದ್ದರೆ, ಇಲ್ಲವೇ ಮೂರು ದಿನ ಹನಿ ಹಾಕಿಯೂ ನವೆ ಬಗ್ಗದಿದ್ದರೆ, ಮೆಡಿಕಲ್ ಶಾಪಿಗಲ್ಲ, ಕಣ್ಣಿನ ಡಾಕ್ಟರ ಹತ್ತಿರ ಹೋಗು. ಹೋಗುವಾಗ ಮನೆಯಲ್ಲಿರುವ ಬಾಟಲಿಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಚೀಲಕ್ಕೆ ಹಾಕಿಕೊಂಡು ಹೋಗು. ಯಾವುದನ್ನು ಎಷ್ಟು ದಿನ ಹಾಕಿದ್ದೀರಿ ಅಂತ ಅವರು ಕೇಳೇ ಕೇಳುತ್ತಾರೆ.