ಅಂಟುಪಟ್ಟಿಯ ನೆರವಿನಿಂದ ಗಾಜಿನ ಮೀನುತೊಟ್ಟಿಯನ್ನು ಕಟ್ಟುವ ಕ್ರಮ

ದನಗಳು ನೀರು ಕುಡಿಯುವ ತೊಟ್ಟಿ, ಹಿತ್ತಿಲಿನ ಗಚ್ಚಿನ ಗುಂಡಿ, ಬಳಕೆ ತಪ್ಪಿದ ಬಾವಿ ಮೊದಲಾದವುಗಳಲ್ಲಿ ಸೊಳ್ಳೆಗಳು ಮೊಟ್ಟೆಯಿಟ್ಟರೆ, ಸುಮಾರು 7ರಿಂದ 10 ದಿನಗಳೊಳಗೆ ಹೊಸ ಸೊಳ್ಳೆಗಳು ಹಾರಿಹೋಗುವುವು. ಮಲೇರಿಯಾ, ಡೆಂಗೆ ಜ್ವರಗಳನ್ನು ಹರಡುವ ಸೊಳ್ಳೆಗಳು ಹುಟ್ಟುವುದೂ ನಿಂತ ನೀರಿನಲ್ಲಿಯೇ. ಅಂತಹ ನೀರಿಗೆ ಗಪ್ಪಿ ಮೀನುಗಳನ್ನು ಬಿಟ್ಟರೆ ಅವು ಸೊಳ್ಳೆಯ ಮರಿಹುಳುಗಳನ್ನು ತಿನ್ನುವುವೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಮೀನಿಗಾಗಿ ಪ್ರತಿ ಸಲವೂ ಪಟ್ಟಣಕ್ಕೆ ಹೋಗುವ ಬದಲು, ಊರಿನಲ್ಲಿ ಅನುಕೂಲವಂತರೊಬ್ಬರು ಗಾಜಿನ ತೊಟ್ಟಿಯೊಂದರಲ್ಲಿ ಅವುಗಳ ತಳಿಯನ್ನು ಉಳಿಸಿಕೊಂಡಿರುವುದು ಲೇಸು. ಗಾಜಿನಲ್ಲಾದರೆ ರೋಗದ ಮೀನೂ ಹೊಸ ಮರಿಯೂ ಒಡನೆ ಕಣ್ಣಿಗೆ ಬೀಳುವುವು.

ಈಗ ಅಂಗಡಿಗಳಲ್ಲಿ ನೀರಿಗೆ ಜಗ್ಗದ ಬಲವಾದ ಅಂಟುಪಟ್ಟಿ ದೊರೆಯುವುದರಿಂದ, ಕೆಲವರು ಗಾಜುಗಳನ್ನು ಅದರಿಂದಲೇ ಜೋಡಿಸಿ ನೀರು ತುಂಬುವುದುಂಟು. ಇದು ಅಪಾಯಕರವು. 60 ಸೆಂಟಿಮೀಟರು ಉದ್ದದ ತೊಟ್ಟಿಯಲ್ಲಿ 27 ಸೆಂಟಿಮೀಟರು ನೀರಿದ್ದರೆ, ಮುಂದಿನ ಗಾಜೊಂದನ್ನೇ ಸುಮಾರು 21 ಕಿಲೋಗ್ರಾಂ ಭಾರವು ಹಗಲಿರುಳೂ ಹೊರಕ್ಕೆ ನೂಕುತ್ತಿರುವುದು. ಕ್ಷಣಕಾಲದ ಸೆಳೆತವನ್ನು ತಾಳುವ ಪಟ್ಟಿಯ ಅಂಟು, ಎಡೆಬಿಡದ ಸೆಳೆತಕ್ಕೆ ಮೆಲ್ಲಮೆಲ್ಲನೆ ಜಾರುವುದು. ನೀರಿನ ಆಳವನ್ನು ಇಮ್ಮಡಿಸಿದರೆ ಈ ನೂಕು ನಾಲ್ಮಡಿಯಾಗುವುದರಿಂದ, ದೊಡ್ಡ ತೊಟ್ಟಿ ಬೇಕೆನ್ನುವವರು ಎತ್ತರವನ್ನು ಬಿಟ್ಟು ಉದ್ದವನ್ನು ಹೆಚ್ಚಿಸತಕ್ಕದ್ದು. ಗಾಜನ್ನು ಹಿಡಿದಿಡಬೇಕಾದುದು ಸಿಲಿಕೋನ್ ಅಂಟು. ಆ ಅಂಟು ಗಟ್ಟಿಯಾಗುವವರೆಗೆ ಗಾಜು ಕದಲದಂತೆ ನೋಡಿಕೊಳ್ಳುವುದಷ್ಟೇ ಪಟ್ಟಿಯ ಕೆಲಸ.

6 ಮಿಲಿಮೀಟರು ದಪ್ಪದ ಗಾಜಿನಲ್ಲಿ 60 ಸೆಂಟಿಮೀಟರು ಉದ್ದ, 30 ಅಗಲದ ತುಂಡುಗಳು ಮೂರು, 28.6 ಅಗಲ, 30 ಎತ್ತರದವು ಎರಡು ಬೇಕು. ಅಂಚುಗಳನ್ನು ಸಾಣೆಕಲ್ಲಿನಿಂದ ಉಜ್ಜಿಸಿ, ಸ್ಪಿರಿಟ್ಟಿನಿಂದ ಒರೆಸಬೇಕು. ಬೆರಳಿನ ಜಿಡ್ಡು ಉಳಿದರೂ ಅಂಟು ಹಿಡಿಯದು. ಸ್ನಾನದ ಮನೆಗೆಂದು ಬೂಷ್ಟುನಾಶಕ ಬೆರೆಸಿ ಮಾರುವ ಸಿಲಿಕೋನನ್ನು ಕೊಳ್ಳಕೂಡದು. ಅದು ಮೀನಿಗೆ ವಿಷ.

ತಳದ ಗಾಜನ್ನು ಸಮನಾದ ಮೇಜಿನ ಮೇಲಿರಿಸಿ, ಗೇಣುದ್ದದ ಪಟ್ಟಿಗಳ ಅರ್ಧವನ್ನು ಅದರ ಕೆಳಮೈಗೆ ಅಂಟಿಸಿ, ಉಳಿದರ್ಧವನ್ನು ಹೊರಚಾಚಿ ಬಿಡಬೇಕು. ತಳದ ಅಂಚಿನುದ್ದಕ್ಕೂ ಸಿಲಿಕೋನನ್ನು ತುಂಡಾಗದ ಎಳೆಯಂತೆ ಹಾಕಿ, ಮೊದಲು ಹಿಂದಿನ ಗಾಜು, ಬಳಿಕ ಪಕ್ಕದವೆರಡು, ಕಡೆಗೆ ಮುಂದಿನದು, ಹೀಗೆ ನಿಲ್ಲಿಸುತ್ತ, ನಿಂತ ಅಂಚುಗಳಿಗೂ ಅಂಟು ಹಾಕಿ, ಚಾಚಿದ ಪಟ್ಟಿಗಳನ್ನು ಮೇಲಕ್ಕೆ ಮಡಿಸಿ ಒತ್ತಬೇಕು. ಅನಂತರ ನಾಲ್ಕು ಗೋಡೆಗಳನ್ನೂ ಬಳಸಿ ಎರಡು ಸುತ್ತು ಪಟ್ಟಿ ಹಾಕುವುದು. ಬಿಗಿ ಅತಿಯಾದರೆ ಸಂದಿನ ಅಂಟೆಲ್ಲ ಹೊರಗೆ ಹಿಂಡಿಹೋಗುವುದು. ಸಂದಿನಲ್ಲಿ ಒಂದು ಮಿಲಿಮೀಟರಿನಷ್ಟಾದರೂ ಅಂಟು ಉಳಿಯಬೇಕು. ಒಳಮೂಲೆಗಳಿಗೆ ಇನ್ನೊಂದು ಎಳೆ ಹಾಕಿ, ಮೇಲೆ ಕೆನೆಗಟ್ಟುವ ಮೊದಲೇ ಬೆರಳಿನಿಂದ ಸವರಬೇಕು. ಇಲ್ಲಿ ಅವಸರದಿಂದ ಕೆಡುವವರೇ ಹೆಚ್ಚು: ಮರುದಿನ ಅಂಟು ಒಣಗಿದಂತೆ ತೋರಿದರೂ ಒಂದು ವಾರ ಪಟ್ಟಿಯನ್ನು ತೆಗೆಯಬಾರದು, ನೀರನ್ನೂ ತುಂಬಬಾರದು. ಹುಳಿ ವಾಸನೆ ಬರುತ್ತಿದ್ದರೆ ಇನ್ನೂ ಕಾಯಬೇಕು.

ಮೊದಲ ನೀರನ್ನು ಅಂಗಳದಲ್ಲಿ ತುಂಬಿ ಎರಡು ದಿನ ಪರೀಕ್ಷಿಸತಕ್ಕದ್ದು. ನೀರು, ಗಾಜು ಸೇರಿ ತೂಕವು 55 ಕಿಲೋಗ್ರಾಮನ್ನು ಮುಟ್ಟುವುದರಿಂದ ತುಂಬಿದ ತೊಟ್ಟಿಯನ್ನು ಎತ್ತಕೂಡದು. ಸೋರಿದರೆ ಹೊರಗಡೆ ಪಟ್ಟಿ ಹಚ್ಚಿ ಪ್ರಯೋಜನವಿಲ್ಲ, ನೀರೇ ಅದನ್ನು ನೂಕಿ ಬಿಡಿಸುವುದು. ಬರಿದು ಮಾಡಿ, ಒಣಗಿಸಿ, ಆ ಸಂದಿನ ಹಳೆಯ ಅಂಟನ್ನು ಪೂರ್ತಿಯಾಗಿ ಕೆರೆದು, ಹೊಸದನ್ನು ಹಾಕಬೇಕು. ಹಳೆಯ ಸಿಲಿಕೋನಿಗೆ ಹೊಸದು ಸರಿಯಾಗಿ ಅಂಟುವುದಿಲ್ಲ.

ಗಪ್ಪಿಯು ಮೊಟ್ಟೆಯಿಡದೆ ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿಗಳನ್ನೇ ಈಯುವುದು. ತಾಯಿಯೇ ಮರಿಗಳನ್ನು ನುಂಗುವುದರಿಂದ ಜೊಂಡಿನಂತೆ ದಟ್ಟವಾದ ನೀರುಸಸ್ಯವನ್ನು ತೊಟ್ಟಿಯಲ್ಲಿ ಬೆಳೆಸಿರಬೇಕು. ಬೆಳೆದ ಮೀನುಗಳನ್ನು ಕಟ್ಟಿದ ತೊಟ್ಟಿ, ಬಾವಿಗಳಿಗೆ ಬಿಡಬಹುದೇ ಹೊರತು ಕೆರೆ, ಹಳ್ಳಗಳಿಗೆ ಬಿಡಬಾರದು. 1928ರಲ್ಲಿ ಇದೇ ಉದ್ದೇಶದಿಂದ ದೇಶಕ್ಕೆ ತಂದ ಗ್ಯಾಂಬೂಸಿಯಾ ಮೀನು, ನಾಡಮೀನುಗಳ ಮೊಟ್ಟೆಮರಿಗಳನ್ನೂ ತಿನ್ನತಕ್ಕದ್ದು, ಗಪ್ಪಿಯೂ ಹೊರನಾಡಿನದೇ.