ಮೂರು ಸ್ಕ್ರೂ ತಪ್ಪಿದ ದಿನ

ಮಂಗಳೂರಿನಲ್ಲಿ ಟೆರೇಸಿಗೆ ಶೀಟ್ ಹಾಕಿಸುವ ಕೆಲಸ ನನ್ನದು. ಇಪ್ಪತ್ತೆರಡು ವರ್ಷವಾಯಿತು. ಈ ಊರಿನ ಮಳೆ ಕಂಡವರಿಗೆ ಈ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ಲ್ಯಾಬ್ ಎಷ್ಟೇ ಗಟ್ಟಿಯಿರಲಿ, ಜೂನಿನಿಂದ ಬಿಡದೆ ಸುರಿದರೆ ಎಲ್ಲೋ ಒಂದು ಕಡೆ ಒಸರಲು ಶುರುವಾಗುತ್ತದೆ. ಅದಕ್ಕೆ ಕಬ್ಬಿಣದ ಕಂಬ ನಿಲ್ಲಿಸಿ, ಪೈಪು ವೆಲ್ಡ್ ಮಾಡಿ, ಮೇಲೆ ತಗಡಿನ ಶೀಟ್ ಹೊದಿಸುತ್ತೇವೆ. ಗಿರಾಕಿಗಳಿಗೆ ಇದು ನೆನಪಾಗುವುದು ಮಾರ್ಚ್ ಕಳೆದ ಮೇಲೆ. "ಪತ್ತನಾಜೆಗೆ ಮುಂಚೆ ಮುಗಿಸಿ ಕೊಡಿ" ಎನ್ನುತ್ತಾರೆ. ಪತ್ತನಾಜೆ ಎಂದರೆ ಮೇ 24ರ ಆಸುಪಾಸು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಹೀಗಾಗಿ ನಮ್ಮ ವರ್ಷದ ಹೆಚ್ಚಿನ ಕೆಲಸ ಅತಿ ಕೆಟ್ಟ ಎರಡು ತಿಂಗಳಲ್ಲಿ, ನೆರಳೇ ಇಲ್ಲದ ಜಾಗದಲ್ಲಿ ಆಗಬೇಕು.

2024ರ ಏಪ್ರಿಲ್ ಮೂರನೇ ವಾರ. ಬಿಜೈಯಲ್ಲಿ ನಾಲ್ಕು ಮಹಡಿಯ ಕಟ್ಟಡ. ಮೇಲೆ ನಾವು ಐದು ಜನ. ಅವರಲ್ಲಿ ಒಬ್ಬ ಬಾಗಲಕೋಟೆ ಕಡೆಯ ಹುಡುಗ, ಇಪ್ಪತ್ತಮೂರರ ಪ್ರಾಯ, ಗಟ್ಟಿಮುಟ್ಟು ಆಳು. ಯುಗಾದಿಗೆಂದು ಊರಿಗೆ ಹೋದವನು ಎರಡು ವಾರ ಬಿಟ್ಟು ರಾತ್ರಿ ಬಸ್ಸಿನಲ್ಲಿ ಬಂದಿಳಿದಿದ್ದ. ಬಂದ ದಿನವೇ ಮೇಲೆ ಹತ್ತಿದ. ನಾನೂ ತಡೆಯಲಿಲ್ಲ, ಆಳಿನ ಕೊರತೆ ಇತ್ತು. "ಬಿಸಿಲು ಜೋರುಂಟು, ನೋಡಿಕೊಂಡು ಮಾಡು" ಎಂದದ್ದಕ್ಕೆ ಅವನು ನಕ್ಕು, "ನಮ್ಮ ಕಡಿ ನಲವತ್ತೆರಡು ಇರತೈತಿ ಅಣ್ಣಾ, ಇದೇನ್ ಬಿಸಲಾ?" ಎಂದ. ಫೋನಿನಲ್ಲಿ 35 ಡಿಗ್ರಿ ಎಂದಿತ್ತು. ಅವನ ಮಾತು ನನಗೂ ಸರಿ ಎನಿಸಿತು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದೂಕಾಲು. ಗಾಳಿ ಒಂಚೂರೂ ಇರಲಿಲ್ಲ. ಹುಡುಗ ಡ್ರಿಲ್ ಹಿಡಿದು ಶೀಟಿಗೆ ಸ್ಕ್ರೂ ಹೊಡೆಯುತ್ತಿದ್ದ. ಅಡಿಯ ಪೈಪಿಗೆ ಸರಿಯಾಗಿ ನೂಲು ಹಿಡಿದು ಗುರುತು ಹಾಕಿರುತ್ತೇವೆ, ಆ ಗೆರೆಯ ಮೇಲೆ ಹೊಡೆಯುತ್ತಾ ಹೋದರಾಯಿತು. ಅವನು ಒಂದು ಸ್ಕ್ರೂ ಗೆರೆಯಿಂದ ಎರಡಿಂಚು ಆಚೆ ಹೊಡೆದ. ಪೈಪು ಸಿಗದೆ ಅದು ಬರಿ ತಗಡಿನಲ್ಲಿ ಗರಗರ ತಿರುಗಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ನಾನು ಬೈದೆ. "ಕಣ್ಣು ಎಲ್ಲಿಟ್ಟಿದ್ದೀ ಮಾರಾಯ? ಮಳೆಗೆ ಮೂರು ತೂತು ಮಾಡಿಟ್ಟೆಯಲ್ಲ!" ಅವನು ತಿರುಗಿ ನೋಡಿದ. ಉತ್ತರ ಕೊಡಲಿಲ್ಲ. ಬಾಯಿ ತುಂಬ ಮಾತಿನ ಹುಡುಗ ಬೆಳಿಗ್ಗೆಯಿಂದ ಮಾತೇ ಆಡಿಲ್ಲ ಎಂಬುದು ಆಗ ಹೊಳೆಯಿತು. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ಅಂಗಿ ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ. ಆ ಬಿಸಿಯಲ್ಲಿ ತೋಳಿನ ಮೇಲೆ ರೋಮ ನಿಮಿರಿ ನಿಂತಿತ್ತು.

ಅದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಅವನು ಕೂತದ್ದು ನಾಲ್ಕು ಮಹಡಿಯ ಮೇಲೆ, ಇಳಿಜಾರು ತಗಡಿನ ಅಂಚಿನಿಂದ ಐದಡಿ ಈಚೆ. ತಲೆ ಸುತ್ತಿದರೆ ನೇರ ರಸ್ತೆಗೆ. ಹಾಗೆ ಬಿದ್ದು ಹೋದವನ ಸಾವನ್ನು ಸೆಕೆಯ ಲೆಕ್ಕಕ್ಕೆ ಬರೆಯುವವರು ಯಾರು? "ಕಾಲು ಜಾರಿ ಬಿದ್ದ" ಎಂದೇ ಆಗುತ್ತದೆ. ಇಬ್ಬರು ಎರಡು ಕಡೆ ಹಿಡಿದು, ಕೂರಿಸಿಕೊಂಡೇ ಜಾರಿಸುತ್ತಾ ಏಣಿಯ ಬಳಿ ತಂದೆವು. ಕೆಳಗಿಳಿದ ಕೂಡಲೇ ವಾಂತಿ ಮಾಡಿದ. ಮೀನಖಂಡ ಹಿಡಿದುಕೊಂಡು ನರಳಿದ.

ಆ ಹೊತ್ತಿನಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಒಬ್ಬ ಜ್ವರದ ಮಾತ್ರೆ ತೆಗೆದ, ಇನ್ನೊಬ್ಬ ಈರುಳ್ಳಿ ಮೂಸಿಸಲು ಹೊರಟ, ಮತ್ತೊಬ್ಬ ಬಿಸಿ ಚಹಾ ತರುತ್ತೇನೆಂದ. ನಮಗೆ ದಾರಿ ತೋರಿಸಿದ್ದು ಎರಡನೇ ಮಹಡಿಯ ಮನೆಯ ಹಿರಿಯ ಹೆಂಗಸು, ನಿವೃತ್ತ ನರ್ಸ್. ಅವರು ಬಂದವರೇ ಅಂಗಿ ಬಿಚ್ಚಿಸಿ, ಮೆಟ್ಟಿಲ ಬದಿಯ ನೆರಳಿನಲ್ಲಿ ಮಲಗಿಸಿ, ಕಾಲಿನಡಿ ಸಿಮೆಂಟ್ ಚೀಲ ಮಡಚಿಟ್ಟರು. ಬೈರಾಸು ಒದ್ದೆ ಮಾಡಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಡಿಸಿದರು. ರಕ್ತ ಚರ್ಮದ ಹತ್ತಿರ ಹರಿಯುವ ಜಾಗಗಳು ಅವು, ಅಲ್ಲಿ ತಂಪು ತಾಗಿದರೆ ಮೈಯೆಲ್ಲ ಬೇಗ ತಣಿಯುತ್ತದೆ. ಮನೆಯಿಂದ ಟೇಬಲ್ ಫ್ಯಾನ್ ತರಿಸಿ, ಮೈಮೇಲೆ ನೀರು ಚಿಮುಕಿಸುತ್ತಾ ಗಾಳಿ ಹಿಡಿಸಿದರು. ಮಾತ್ರೆ ಬೇಡವೇ ಬೇಡ ಎಂದರು. ಜ್ವರದಲ್ಲಿ ಮೈ ತಾನೇ ಬಿಸಿ ಏರಿಸಿಕೊಂಡಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಬಿಸಿ ಹೊರಗಿನದು, ಮಾತ್ರೆಗೆ ಬಗ್ಗುವುದಿಲ್ಲ. ಈ ನಡುವೆ ಅವರು ಹುಡುಗನನ್ನು ಮಾತಾಡಿಸುತ್ತಲೇ ಇದ್ದರು. "ಹೆಸರೇನಪ್ಪಾ? ಯಾವ ಊರು? ಇವತ್ತು ಯಾವ ವಾರ?" ನಿಧಾನವಾದರೂ ಉತ್ತರ ಸರಿಯಾಗಿ ಬಂತು. ಆಮೇಲೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿದರು. ಅರ್ಧ ಗಂಟೆಯಲ್ಲಿ ಮುಖಕ್ಕೆ ರಕ್ತ ಬಂತು.

ಆದರೂ ಆಸ್ಪತ್ರೆಗೆ ಕರೆದೊಯ್ದೆ, ಎರಡು ಬಾಟಲಿ ಡ್ರಿಪ್ ಹಾಕಿದರು. ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದನ್ನು ಮರೆತಿಲ್ಲ. ಬೆವರು, ತಲೆಸುತ್ತು, ವಾಂತಿ, ಸ್ನಾಯು ಸೆಳೆತ ಇವೆಲ್ಲ ಮೈ ಸೋಲುತ್ತಿದೆ ಎಂಬುದರ ಗುರುತು. ಈ ಹಂತದಲ್ಲಿ ನೆರಳು, ನೀರು, ಉಪ್ಪು ಸಿಕ್ಕರೆ ಮನುಷ್ಯ ಚೇತರಿಸಿಕೊಳ್ಳುತ್ತಾನೆ. ಒಳಮೈಯ ಬಿಸಿ 40 ಡಿಗ್ರಿ ದಾಟಿ ಮಿದುಳಿಗೆ ತಾಗಿದರೆ ಕಥೆಯೇ ಬೇರೆ. ಆಗ ಮಾತು ತಪ್ಪುತ್ತದೆ, ತಡಬಡಿಸುತ್ತಾನೆ, ಸುಮ್ಮನೆ ಸಿಟ್ಟಾಗುತ್ತಾನೆ, ಫಿಟ್ಸ್ ಬರಬಹುದು, ಪ್ರಜ್ಞೆ ಹೋಗಬಹುದು. ಅದು ಹೀಟ್ ಸ್ಟ್ರೋಕ್. 108ಕ್ಕೆ ಕರೆ ಮಾಡಬೇಕು, ಗಾಡಿ ಬರುವವರೆಗೆ ಕೊಡ ಕೊಡ ನೀರು ಸುರಿದು ತಣಿಸುತ್ತಲೇ ಇರಬೇಕು. ಪ್ರಜ್ಞೆ ಇಲ್ಲದವನ ಬಾಯಿಗೆ ಒಂದು ಹನಿಯೂ ಹಾಕಬಾರದು. "ಬೆವರು ನಿಂತರೆ ಮಾತ್ರ ಸ್ಟ್ರೋಕ್ ಎಂದುಕೊಳ್ಳಬೇಡಿ, ದುಡಿಯುವವರಿಗೆ ಬೆವರು ಸುರಿಯುತ್ತಿರುವಾಗಲೇ ಬರುತ್ತದೆ" ಎಂದೂ ಎಚ್ಚರಿಸಿದರು.

ಮೂರು ಸ್ಕ್ರೂಗಳ ವಿಷಯ ಹೇಳಿದಾಗ ಅವರು, "ಅದೇ ಮೊದಲ ಗುರುತು, ನೀವು ಅದಕ್ಕೆ ಬೈದಿರಿ" ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹಾಗಾದರೆ 42 ಡಿಗ್ರಿಯಲ್ಲಿ ಬೆಳೆದ ಹುಡುಗ 35ರಲ್ಲಿ ಹೇಗೆ ಬಿದ್ದ? ಉತ್ತರ ನಮ್ಮ ಒಂದು ಶಬ್ದದಲ್ಲೇ ಇದೆ: ಸೆಕೆ. ಬಿಸಿಲು ಆಕಾಶದಿಂದ ಬೀಳುತ್ತದೆ, ಸೆಕೆ ಮೈಯನ್ನು ಸುತ್ತಿಕೊಳ್ಳುತ್ತದೆ. ಮೋಡ ಕವಿದ ದಿನವೂ ಸೆಕೆ ಇರುತ್ತದೆ, ನಡುರಾತ್ರಿಯೂ ಇರುತ್ತದೆ. ಬೆವರು ಮೈ ತಣಿಸುವುದು ಅದು ಆರಿದಾಗ ಮಾತ್ರ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಅದೇ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ. ಬಾಗಲಕೋಟೆಯ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಬಿಡುತ್ತದೆ. ಇಲ್ಲಿ ಕಡಲ ತೇವ ತುಂಬಿದ ಗಾಳಿಗೆ ಇನ್ನಷ್ಟು ಹೀರಲು ಜಾಗವಿಲ್ಲ. 35 ಡಿಗ್ರಿಗೆ ಶೇ. 60ರ ತೇವ ಸೇರಿದರೆ ಮೈಗೆ ಅನ್ನಿಸುವ ಬಿಸಿ 45ರ ಹತ್ತಿರ. ಅದೂ ನೆರಳಿನ ಲೆಕ್ಕ. ನೇರ ಬಿಸಿಲಿನಲ್ಲಿ, ಕಾದ ತಗಡಿನ ಮೇಲೆ, ಇನ್ನೂ ಹೆಚ್ಚು.

ಅಮೆರಿಕದ ಮರೀನ್ ಪಡೆಯ ತರಬೇತಿ ಶಿಬಿರದಲ್ಲಿ ಹೊಸ ಸೈನಿಕರು ಬಿಸಿಗೆ ಕುಸಿಯುತ್ತಿದ್ದಾಗ, ಯಗ್ಲೂ ಮತ್ತು ಮಿನಾರ್ಡ್ ಎಂಬವರು 1957ರಲ್ಲಿ ಒಂದು ಅಳತೆ ಪ್ರಕಟಿಸಿದರು. ಇಂದಿಗೂ ಜಗತ್ತಿನೆಲ್ಲೆಡೆ ದುಡಿಮೆಯ ಜಾಗದಲ್ಲಿ ಬಳಸುವುದು ಅದನ್ನೇ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿನ ಕಾವಿಗೆ ಎರಡು ಪಾಲು. ನಾವು ಫೋನಿನಲ್ಲಿ ನೋಡುವ ಬರಿ ಡಿಗ್ರಿಗೆ ಹತ್ತರಲ್ಲಿ ಒಂದೇ ಪಾಲು. ಇದನ್ನು ಓದಿದ ಮೇಲೆ ನಾನು ಡಿಗ್ರಿ ನಂಬುವುದನ್ನು ಬಿಟ್ಟೆ. ಹವಾಮಾನ ಇಲಾಖೆ ಕರಾವಳಿಯಲ್ಲಿ ಬಿಸಿಗಾಳಿ ಎನ್ನಬೇಕಾದರೆ ಉಷ್ಣಾಂಶ 37 ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಹುಡುಗ ಬಿದ್ದ ದಿನ ಯಾವ ಎಚ್ಚರಿಕೆಯೂ ಇರಲಿಲ್ಲ. ಈಗ ನಾನು ನೋಡುವುದು ಗಾಳಿಯನ್ನು. ಮೂಡಣದ ಗಾಳಿ ಬೀಸಿ ಕಡಲ ಗಾಳಿ ತಡವಾದ ದಿನ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗಿನ ಆ ನಿಶ್ಚಲ ಹೊತ್ತಿಗೆ ಹೆದರುತ್ತೇನೆ.

ಇನ್ನೊಂದು ಸಂಗತಿ ಅವನು ಊರಿಗೆ ಹೋಗಿ ಬಂದದ್ದು. ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೆಚ್ಚು ಬೆವರುವುದನ್ನು, ಬೆವರಿನಲ್ಲಿ ಉಪ್ಪು ಉಳಿಸಿಕೊಳ್ಳುವುದನ್ನು ಮೈ ಈ ಅವಧಿಯಲ್ಲಿ ಕಲಿಯುತ್ತದೆ. ಒಂದೆರಡು ವಾರ ಬಿಟ್ಟರೆ ಕಲಿತದ್ದು ಸಡಿಲವಾಗುತ್ತದೆ. ಬಿಸಿಗೆ ಸಾಯುವ ಕೆಲಸಗಾರರಲ್ಲಿ ಹೆಚ್ಚಿನವರು ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆ. ಹೊಸಬನಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಸಿಯಲ್ಲಿ ಕೆಲಸ, ಆಮೇಲೆ ದಿನಕ್ಕೊಂದು ಪಾಲು ಏರಿಸಬೇಕು ಎಂಬುದು ತಜ್ಞರ ಲೆಕ್ಕ. ನಾನು ಅವನನ್ನು ನಿದ್ದೆಗೆಟ್ಟ ಮೈಯಲ್ಲೇ ಇಡೀ ದಿನ ಮೇಲೆ ಇಟ್ಟಿದ್ದೆ. ಅವನು ಮಲಗುತ್ತಿದ್ದುದೂ ಫ್ಯಾನಿಲ್ಲದ ಶೀಟಿನ ರೂಮಿನಲ್ಲಿ. ರಾತ್ರಿ ತಣಿಯದ ಮೈ ಬೆಳಿಗ್ಗೆ ಅರ್ಧ ಸೋತೇ ಏಳುತ್ತದೆ.

ನನ್ನ ಅಪ್ಪ ಹಂಚಿನ ಕೆಲಸದವರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಕಾರ್ಖಾನೆ ಶುರು ಮಾಡಿದಂದಿನಿಂದ ಹೆಸರಾದ ಆ ಮಂಗಳೂರು ಹಂಚನ್ನು ಬೇಸಿಗೆಯಲ್ಲಿ ಇಳಿಸಿ, ಒಡೆದದ್ದು ಬದಲಿಸಿ, ಮತ್ತೆ ಹೊದಿಸುವುದು ಅವರ ಕಸುಬು. ಬೆಳಕು ಹರಿಯುವಾಗಲೇ ಮಾಡಿಗೆ ಹತ್ತುತ್ತಿದ್ದರು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ಹತ್ತು ಗಂಟೆಗೆ ಇಳಿದು, ಕುಚ್ಚಲಕ್ಕಿ ಗಂಜಿಯನ್ನು ತಿಳಿಯ ಸಮೇತ ಉಪ್ಪು, ಮಾವಿನ ಮಿಡಿ ಹಾಕಿ ಉಣ್ಣುತ್ತಿದ್ದರು. ಜಗಲಿಯಲ್ಲಿ ಒರಗಿದರೆ ಮತ್ತೆ ಏಳುತ್ತಿದ್ದದ್ದು ಮೂರೂವರೆಗೆ. ಸೋಮಾರಿತನ ಎಂದು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಆ ಗಂಜಿತಿಳಿಯಲ್ಲಿ ನೀರು, ಉಪ್ಪು, ಪಿಷ್ಟ ಮೂರೂ ಇದ್ದವು. ಹೊರಗಿನಿಂದ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ನಮ್ಮ ಕಡೆಯ ಮನೆಗಳೂ ಇದೇ ಜ್ಞಾನದಿಂದ ನಡೆದವು. ಅಪ್ಪನದು ದಿನಗೂಲಿ. ನನ್ನದು ಚದರ ಅಡಿ ಲೆಕ್ಕದ ಗುತ್ತಿಗೆ, ಹುಡುಗರಿಗೂ ಅದೇ ಲೆಕ್ಕದಲ್ಲಿ ಹಂಚುತ್ತಿದ್ದೆ. ಹಾಗಾದಾಗ ನೀರು ಕುಡಿಯಲು ಇಳಿದರೂ ದುಡ್ಡು ಕಡಿಮೆ. ಈಗ ಬೇಸಿಗೆಯ ಮೂರು ತಿಂಗಳು ದಿನಗೂಲಿಯೇ ಕೊಡುತ್ತೇನೆ.

ಉಳಿದ ಬದಲಾವಣೆಗಳು ಇವು. ಒಬ್ಬನೇ ಮೇಲೆ ಹತ್ತುವಂತಿಲ್ಲ, ಜೋಡಿ ಜೋಡಿ. ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಬೇಕು, ಏಕೆಂದರೆ ಸೋಲುತ್ತಿರುವವನಿಗೆ ತಾನು ಸೋಲುತ್ತಿದ್ದೇನೆಂದು ಗೊತ್ತಾಗುವುದಿಲ್ಲ. ಬಾಯಾರಲಿ ಬಿಡಲಿ, ಇಪ್ಪತ್ತು ನಿಮಿಷಕ್ಕೆ ಒಂದು ಲೋಟ ನೀರು. ಆದರೆ ಗಂಟೆಗೆ ಒಂದೂವರೆ ಲೀಟರ್ ಮೀರಿ ಬೇಡ, ಬರಿ ನೀರು ವಿಪರೀತವಾದರೆ ರಕ್ತದ ಉಪ್ಪು ಇಳಿದು ಅದೂ ಅಪಾಯ. ನಡುವೆ ಮಜ್ಜಿಗೆ, ಬೊಂಡ (ಎಳನೀರು), ಉಪ್ಪು ಹಾಕಿದ ಪುನರ್ಪುಳಿ ಶರಬತ್ತು. ಓಆರ್‌ಎಸ್ ಪುಡಿ ಯಾವಾಗಲೂ ಟೂಲ್ಸ್ ಪೆಟ್ಟಿಗೆಯಲ್ಲಿರುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಪೂರ್ತಿ, ಕಣ್ಣಂದಾಜು ಇಲ್ಲ. ಅದಿಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಣ್ಣದ ಪೆಟ್ಟಿಗೆಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಿ ತರಬೇಡಿ. ಸರಿಯಾದ ಸೂತ್ರವಿಲ್ಲದ ಪಾನೀಯಕ್ಕೆ ಆ ಹೆಸರು ಹಾಕಬಾರದೆಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶಿಸಿದೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಆ ದಿನದ ಮೇಲಿನ ಕೆಲಸ ಮುಗಿಯಿತು. ಹಿಂದಿನ ರಾತ್ರಿ ಕುಡಿದವನನ್ನು ಹತ್ತಿಸುವುದೇ ಇಲ್ಲ. ಊರಿಂದ ಬಂದವನು ಮೊದಲ ವಾರ ಹೆಚ್ಚು ಹೊತ್ತು ಕೆಳಗೆ ನೆರಳಿನಲ್ಲಿ ಪೈಪು ಕತ್ತರಿಸುತ್ತಾನೆ.

ಇಷ್ಟೆಲ್ಲ ನನ್ನ ಕೈಯಲ್ಲಿತ್ತು. ನನ್ನ ಕೈಯಲ್ಲಿ ಇಲ್ಲದ್ದು ಹೊತ್ತು. ತಲಪಾಡಿ ಗಡಿ ದಾಟಿದರೆ ಕೇರಳದ ಕಾರ್ಮಿಕ ಇಲಾಖೆ ಪ್ರತಿ ಬೇಸಿಗೆ ಆದೇಶ ಹೊರಡಿಸುತ್ತದೆ: ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನ ಕೆಲಸ ಇಲ್ಲ, ಬೆಳಿಗ್ಗೆ 7ರಿಂದ ಸಂಜೆ 7ರ ಒಳಗೆ ಎಂಟು ಗಂಟೆ ಹೊಂದಿಸಿಕೊಳ್ಳಿ. ಮಂಜೇಶ್ವರದ ಮೇಸ್ತ್ರಿಗೆ ಇರುವ ಈ ನೆರಳು ಮಂಗಳೂರಿನ ಮೇಸ್ತ್ರಿಗೂ ಬೇಕು. ನಮ್ಮದೇ ರಾಜ್ಯ ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಸುತ್ತದೆ. ಕರಾವಳಿಯ ಸೆಕೆಗೂ, ಕಚೇರಿಯ ಹೊರಗೆ ದುಡಿಯುವವರಿಗೂ ಅಂಥದೊಂದು ಆದೇಶ ಆಗಲೇಬೇಕು.

ಆದೇಶ ಬರುವವರೆಗೆ ಕಟ್ಟಡಗಳ ಅಸೋಸಿಯೇಷನ್‌ನವರಲ್ಲಿ ನನ್ನದೊಂದು ಕೋರಿಕೆ. ಡ್ರಿಲ್ ಸದ್ದಾಗುತ್ತದೆಂದು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಕೆಲಸ ಬೇಡ ಎನ್ನುತ್ತೀರಿ. ಆ ಎರಡು ಗಂಟೆ ತಪ್ಪಿದರೆ ನಾವು ಅದನ್ನು ನಡುಮಧ್ಯಾಹ್ನ ತುಂಬಿಸಬೇಕಾಗುತ್ತದೆ. ಮಾರ್ಚಿನಿಂದ ಮೇವರೆಗೆ ಏಳು ಗಂಟೆಗೆ ಶುರು ಮಾಡಲು ಬಿಡಿ. ನಿಮ್ಮ ಟೆರೇಸಿನ ಮೇಲೆ ಯಾರಾದರೂ ಕೆಲಸಕ್ಕಿದ್ದರೆ ಹನ್ನೊಂದು ಗಂಟೆಯ ಹೊತ್ತಿಗೊಮ್ಮೆ ಒಂದು ಚೊಂಬು ನೀರು ಹಿಡಿದು ಮೇಲೆ ಹೋಗಿ. ಹೆಸರು ಕೇಳಿ, ಊರು ಕೇಳಿ. ಉತ್ತರ ತಡವಾದರೆ ಅವರನ್ನು ಕೂಡಲೇ ಕೆಳಗಿಳಿಸಿ.